ಹುಕ್ಕೇರಿ ಅಂಗಡಿಯ ಮಾಲಕಿ

"ಏ ಗುಡ್ಡವ್ವಾ, ಚೀಲ ಮಡಚಿಕೊಂಡ ನಡಿ. ನಿನ್ನ ಮಗಳು ಸರಕಾರಕ್ಕ ಟ್ಯಾಕ್ಸ್ ಕಟ್ಟೂವಷ್ಟು ಸಾವಕಾರ್ತಿ ಆಗ್ಯಾಳ, ನೀ ಇಲ್ಲಿ ಪುಕ್ಕಟೆ ಅಕ್ಕಿಗೆ ಬಾಯಿ ಬಿಡಾಕತ್ತಿ. ನಾಚಿಕಿ ಬರೂದಿಲ್ಲೇನ, ಹಲ್ಕಟ್ ಮುದುಕಿ?"

ಧುಪದಾಳದ ರೇಷನ್ ಅಂಗಡಿಯ ರಾಚಪ್ಪ ಇದನ್ನು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ ಹೇಳಿದ. ಗುಡ್ಡವ್ವನಿಗೆ ಅರ್ಥವಾಗಲಿಲ್ಲ. ಹೆಬ್ಬೆರಳಿನ ಗುರುತು ಮೂಡಿಲ್ಲ ಅಂದುಕೊಂಡು ಸೆರಗಿಗೆ ಒರೆಸಿ ಮತ್ತೊಮ್ಮೆ ಯಂತ್ರದ ಮೇಲೆ ಒತ್ತಿದಳು. ಕಬ್ಬಿನ ಗದ್ದೆಯಲ್ಲಿ ಕಳೆ ತೆಗೆದು ತೆಗೆದು ಅವಳ ಬೆರಳಿನ ಗೆರೆಗಳೆಲ್ಲ ಸವೆದಿದ್ದವು, ಎಷ್ಟೋ ಸಲ ಯಂತ್ರ ಅವಳನ್ನು ಗುರುತು ಹಿಡಿಯುತ್ತಿರಲಿಲ್ಲ. ಈ ಸಲ ಹಿಡಿದಿತ್ತು. ಮನೆಯಲ್ಲಿ ತೆರಿಗೆ ಕಟ್ಟುವವರಿದ್ದಾರೆ, ಕಾರ್ಡು ರದ್ದಾಗಿದೆ ಎಂದು ತೋರಿಸುತ್ತಿತ್ತು. ರಾಚಪ್ಪ ಅವಳ ಕೈಯನ್ನು ಸರಿಸಲಿಲ್ಲ, ಮುಟ್ಟಬೇಕಾಗುತ್ತದೆಂದು. ತಕ್ಕಡಿಯ ಮೇಲಿದ್ದ ಅವಳ ಚೀಲವನ್ನು ಆಚೆ ತಳ್ಳಿದ.

ಸಂಜೆ ಕೆಲಸ ಮುಗಿಸಿ ಬಂದ ಮಗಳು ಆಮ್ರಪಾಲಿ ಇದನ್ನು ಕೇಳಿ ಮೊದಲು ನಕ್ಕಳು. ಸರಕಾರ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಮಾಡಿದ್ದಕ್ಕೆ ತಾನು ದಿನಾ ಹುಕ್ಕೇರಿಗೆ ಹೋಗಿ ಬರುತ್ತಿರುವುದು, ತಾನೆಲ್ಲಿ ಟ್ಯಾಕ್ಸ್ ಕಟ್ಟಲಿ ಅಂದಳು. ಯಂತ್ರ ಕೆಟ್ಟಿರಬೇಕು. ಅವತ್ತು ಇದ್ದ ಜೋಳದ ಹಿಟ್ಟಿನಲ್ಲೇ ರೊಟ್ಟಿ ಬಡಿದು ತಾಯಿ ಮಗಳು ಉಂಡರು. ಅಪ್ಪ ಲಗಮಪ್ಪ ತೀರಿಕೊಂಡ ಮೇಲೆ ಮನೆಯಲ್ಲಿದ್ದವರು ಅವರಿಬ್ಬರೇ. ಗುಡ್ಡವ್ವನಿಗೆ ಮೊಣಕಾಲು ನೋವು ಹತ್ತಿ ಕೂಲಿ ಬಿಟ್ಟಿತ್ತು.

ಆಮ್ರಪಾಲಿ ಹುಕ್ಕೇರಿಯ ಒಂದು ಬ್ಯೂಟಿ ಪಾರ್ಲರಿನಲ್ಲಿ ಕೆಲಸಕ್ಕಿದ್ದಳು. ಅಂಗಡಿ ಮೂಡಲಗಿಯ ಶಿವಕುಮಾರ, ದಾನೇಶ್ವರಿ ಎಂಬ ಗಂಡ ಹೆಂಡತಿಯದು. ಮೂಡಲಗಿಯಲ್ಲಿ ಅವರದೊಂದು ಪಾರ್ಲರ್ ಮೊದಲೇ ಇತ್ತು, ಹುಕ್ಕೇರಿಯದು ಎರಡನೆಯದು. ಹತ್ತನೇ ಇಯತ್ತೆ ಮುಗಿಸಿ ಬ್ಯೂಟಿ ಕೋರ್ಸು ಮಾಡಿದ್ದ ಆಮ್ರಪಾಲಿಯ ಕೈ ಬಹಳ ಹಗುರ. ಹುಬ್ಬು ತೀಡುವಾಗ ದಾರವನ್ನು ಹಲ್ಲಿನಲ್ಲಿ ಹಿಡಿದು ಎಳೆದರೆ ಗಿರಾಕಿಗೆ ನೋವೇ ಗೊತ್ತಾಗುತ್ತಿರಲಿಲ್ಲ. ಮದುವೆ ಹೆಣ್ಣುಗಳು ಅವಳನ್ನೇ ಕೇಳಿಕೊಂಡು ಬರುತ್ತಿದ್ದರು. ಬಂದವರು ಬಿಸಿನೀರಿನ ಟಬ್ಬಿನಲ್ಲಿ ಕಾಲಿಟ್ಟು ಅವಳ ಕೈಯಿಂದ ಹಿಮ್ಮಡಿ ಉಜ್ಜಿಸಿಕೊಳ್ಳುತ್ತಿದ್ದರು. ಕುಡಿಯಲು ನೀರು ಬೇಕಾದರೆ ಮಾತ್ರ ಬೇರೆ ಹುಡುಗಿಯನ್ನು ಕರೆಯುತ್ತಿದ್ದರು.

ಮರುದಿನ ರಜೆ ಕೇಳಿ ಅವಳು ತಾಲೂಕಿನ ಕಚೇರಿಗೆ ಹೋದಳು. ಕಿಟಕಿಯಾಚೆಯ ಗುಮಾಸ್ತ ಅವಳ ಹುಬ್ಬು, ಉಗುರು, ಇಸ್ತ್ರಿ ಮಾಡಿದ ಚೂಡಿದಾರ ನೋಡಿ, ಇಂಥವರೇ ಬಡವರ ಪಾಲಿನ ಅಕ್ಕಿ ತಿಂದು ಹಾಳು ಮಾಡಿದ್ದು ಅಂತ ಪಕ್ಕದವನಿಗೆ ಹೇಳಿದ. ಹುಬ್ಬು ತನ್ನ ಕಸುಬು, ಚೂಡಿದಾರ ಮಾಲಕಿ ಉಟ್ಟು ಬಿಟ್ಟ ಹಳೆಯದು ಎಂದು ಅವಳು ಹೇಳಲು ಹೋಗಲಿಲ್ಲ. ಮೂರು ವರ್ಷದಿಂದ ಅವಳ ಪ್ಯಾನ್ ನಂಬರಿಗೆ ಆದಾಯ ತೆರಿಗೆಯ ರಿಟರ್ನ್ ತುಂಬಲಾಗಿದೆ, ತುಂಬಿದವರನ್ನೇ ಕೇಳು ಅಂದರು. ಯಾರು ತುಂಬಿದ್ದಾರೆಂದು ಆಮ್ರಪಾಲಿಗೆ ಅಲ್ಲಿಯೇ ಹೊಳೆಯಿತು. ಪಾರ್ಲರಿನ ಲೆಕ್ಕ ನೋಡುವ ಟ್ಯಾಕ್ಸ್ ಏಜಂಟ ಸ್ವಪ್ನಿಲ್. ಅವನ ಆಫೀಸು ಗೋಕಾಕದಲ್ಲಿತ್ತು.

ಸ್ವಪ್ನಿಲ್ ಕೆಟ್ಟವನ ಹಾಗೆ ಮಾತಾಡಲಿಲ್ಲ. ಕೂಡ್ರಲು ಹೇಳಿದ, ಕಂಪ್ಯೂಟರಿನ ಮುಖವನ್ನು ಅವಳ ಕಡೆ ತಿರುಗಿಸಿದ. ಅಲ್ಲಿ ಅವಳ ಫೋಟೋ ಇತ್ತು. ಹುಕ್ಕೇರಿಯ ಅಂಗಡಿ ತೆರೆಯುವ ಮುಂಚೆ, ಕೆಲಸಕ್ಕೆ ಸೇರಿಸಿಕೊಂಡಾಗ, ಪಗಾರದ ಖಾತೆಗೆ ಬೇಕೆಂದು ದಾನೇಶ್ವರಿ ತೆಗೆಸಿದ್ದ ಫೋಟೋ. ಆವತ್ತು ಆಮ್ರಪಾಲಿ ಕೂದಲಿಗೆ ಹೂ ಮುಡಿದು ಹೋಗಿದ್ದಳು. ಅವರು ತೋರಿಸಿದಲ್ಲೆಲ್ಲ ಸಹಿ ಮಾಡಿದ್ದಳು. ಪ್ಯಾನ್ ಕಾರ್ಡು ಬಂದಾಗ ಅದನ್ನು ಓಣಿಯಲ್ಲಿ ನಾಲ್ಕು ಮಂದಿಗೆ ತೋರಿಸಿದ್ದಳು. ಫೋಟೋದ ಕೆಳಗೆ ಹುಕ್ಕೇರಿ ಪಾರ್ಲರಿನ ಮಾಲಕಿ ಎಂದು ಅವಳ ಹೆಸರಿತ್ತು.

ಪರಿಶಿಷ್ಟ ಜಾತಿಯ ಹೆಣ್ಣುಮಕ್ಕಳು ಸ್ವಂತ ಅಂಗಡಿ ಹಾಕಲಿಕ್ಕೆ ಕೊಡುವ ಸಾಲದಲ್ಲಿ ಆ ಅಂಗಡಿ ಎದ್ದಿತ್ತು. ಸಾಲ ಅವಳ ಹೆಸರಿನದು, ಸಬ್ಸಿಡಿ ಅವಳ ಜಾತಿಯದು, ವ್ಯಾಪಾರ ಶಿವಕುಮಾರನದು. ಸಾಲ ಇದ್ದ ಮೇಲೆ ಆದಾಯ ತೋರಿಸಬೇಕು, ಆದಾಯ ತೋರಿಸಿದ ಮೇಲೆ ಒಂದಿಷ್ಟು ತೆರಿಗೆ ಕಟ್ಟಬೇಕು. ಸ್ವಪ್ನಿಲ್ ಇದನ್ನೆಲ್ಲ ಸಣ್ಣ ಮಕ್ಕಳಿಗೆ ತಿಳಿಸುವವನ ಹಾಗೆ ತಿಳಿಸಿದ. ಆಮ್ರಪಾಲಿ ಬಹಳ ಹೊತ್ತು ತನ್ನ ಫೋಟೋ ನೋಡಿದಳು. ಆಮೇಲೆ ನನ್ನ ಹೆಸರು ತಗೀರಿ ಅಂದಳು.

"ತಗದ್ರ ಬ್ಯಾಂಕಿನವರು ಪೂರಾ ಸಾಲ ಒಮ್ಮೆಲೆ ಕೇಳ್ತಾರ. ಯಾರ್ನ ಕೇಳ್ತಾರ? ನಿನ್ನನ್ನ," ಅಂದ ಸ್ವಪ್ನಿಲ್. "ಸುಳ್ಳ ಕಾಗದಕ್ಕ ಸಹಿ ಮಾಡೀದಿ ಅಂತ ಕೇಸ್ ಹಾಕಿದ್ರ ಮೊದಲ ಹೆಸರು ನಿಂದ. ಸುಮ್ನ ಇರವಾ. ನಿಮ್ಮ ಮಂದ್ಯಾಗ ಟ್ಯಾಕ್ಸ್ ಕಟ್ಟಾವ್ರು ಎಷ್ಟ್ ಮಂದಿ ಅದಾರ ಹೇಳು? ಇದೂ ಒಂದ್ ಮರ್ಯಾದಿನ."

ಅವನು ಚಹಾ ತರಿಸಿದ. ಅದು ತಣ್ಣಗಾಗುವವರೆಗೂ ಅವಳು ಮುಟ್ಟಲಿಲ್ಲ. ಎದ್ದು ಬಂದಳು.

ದಾನೇಶ್ವರಿಯ ಮುಂದೆ ಬಾಯಿ ತೆರೆಯಲು ಅವಳಿಗೆ ಎರಡು ದಿನ ಹಿಡಿಯಿತು. ಗಿರಾಕಿಗಳಿಲ್ಲದ ಹೊತ್ತು ನೋಡಿ, ಕೂದಲು ತೆಗೆಯುವ ವ್ಯಾಕ್ಸ್ ಡಬ್ಬಿ ಒರೆಸುತ್ತ ಕೇಳಿದಳು. ಕೇಳುವಾಗ ತಪ್ಪು ಮಾಡಿದವಳು ತಾನೇ ಎನ್ನುವ ಹಾಗೆ ಡಬ್ಬಿಯ ಮೇಲಿನ ಕಣ್ಣು ತೆಗೆಯಲಿಲ್ಲ. ದಾನೇಶ್ವರಿ ಸಿಟ್ಟಿಗೇಳಲಿಲ್ಲ. ನಿನ್ನನ್ನು ಮನೆ ಮಗಳ ಹಾಗೆ ನೋಡಿಕೊಂಡಿದ್ದೇವೆ, ಮಗಳ ಹೆಸರಿಗೆ ಅಂಗಡಿ ಮಾಡಿದರೆ ಯಾರಾದರೂ ಅಳುತ್ತಾರೇನು ಅಂದಳು. ಅಕ್ಕಿಯೇ ತಾನೇ, ನಾನು ಕೊಡುತ್ತೇನೆ ಅಂದಳು. ಮೂಡಲಗಿಯ ಮನೆಯಿಂದ ಚೀಲ ಬಂತು. ಬಿಚ್ಚಿದರೆ ನುಚ್ಚಕ್ಕಿ, ನುಸಿ ಹರಿದಾಡುತ್ತಿತ್ತು. ಆಮ್ರಪಾಲಿ ಅದನ್ನು ತಿಪ್ಪೆಗೆ ಸುರುವಲು ಹೊರಟಾಗ ಗುಡ್ಡವ್ವ ಚೀಲ ಕಸಿದುಕೊಂಡಳು. ಮೊರ ತಂದು ಬಾಗಿಲಲ್ಲಿ ಕುಳಿತು ಕೇರಿದಳು, ಬಿಸಿಲಿಗೆ ಹರವಿದಳು, ಮಧ್ಯಾಹ್ನ ಬೇಯಿಸಿದಳು. ಇಬ್ಬರೂ ಉಂಡರು. ಉಣ್ಣುವಾಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅದೇ ತಿಂಗಳು ಗುಡ್ಡವ್ವನಿಗೆ ಬರುತ್ತಿದ್ದ ಗೃಹಲಕ್ಷ್ಮಿ ದುಡ್ಡೂ ನಿಂತಿತು. ಅವಳು ಮೊಣಕಾಲಿಗೆ ಹಳೆಯ ಸೀರೆಯ ಚೂರು ಬಿಗಿದುಕೊಂಡು ಮತ್ತೆ ಕಬ್ಬಿನ ಗದ್ದೆಗೆ ಹೋಗತೊಡಗಿದಳು.

ಮದುವೆಯ ಕಾಲ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಆಮ್ರಪಾಲಿ ಸಾಲಿಯ ಶಿಕ್ಷಕಿಯೊಬ್ಬರ ಕಾಲು ತೊಳೆಯುತ್ತಿದ್ದಾಗ ಶಿವಕುಮಾರ ಮೋಟರ್ ಸೈಕಲ್ ನಿಲ್ಲಿಸಿ ಅವಸರದಲ್ಲಿ ಒಳಗೆ ಬಂದ. ತೆರಿಗೆಯವರು ಬರುತ್ತಿದ್ದಾರೆ, ತೋರಿಸಿದ್ದಕ್ಕಿಂತ ಹೆಚ್ಚಿನ ವ್ಯಾಪಾರ ಇದೆ ಎಂದು ಯಾರೋ ಅರ್ಜಿ ಹಾಕಿದ್ದಾರೆ ಅಂದ. ಶಿಕ್ಷಕಿಯನ್ನು ಒದ್ದೆ ಕಾಲಿನಲ್ಲೇ ಕೈಮುಗಿದು ಕಳಿಸಿದ. ಆಮ್ರಪಾಲಿಗೆ ಕೈ ತೊಳೆದುಕೊಳ್ಳಲು, ಏಪ್ರನ್ ಬಿಚ್ಚಲು ಹೇಳಿದ. ದಾನೇಶ್ವರಿ ತನ್ನ ವ್ಯಾನಿಟಿ ಬ್ಯಾಗಿನಿಂದ ಲಿಪ್‌ಸ್ಟಿಕ್ ತೆಗೆದು ಅವಳ ತುಟಿಗೆ ಹಚ್ಚಿದಳು.

"ಆ ಕುರ್ಚಿ ಮ್ಯಾಲ ಕುಂದ್ರ," ಅಂದ ಶಿವಕುಮಾರ.

ಗಲ್ಲಾಪೆಟ್ಟಿಗೆಯ ಹಿಂದಿನ, ಮೆತ್ತೆ ಹಾಕಿದ ಕುರ್ಚಿ. ಆಮ್ರಪಾಲಿ ದಿನಾ ಅದರ ಕೆಳಗೆ ಕಸ ಹೊಡೆದಿದ್ದಳು. ಹೆದರುತ್ತ ಅದರ ಅಂಚಿಗೆ ಕುಳಿತಳು. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡಳು.

ಬಂದವರು ಒಬ್ಬ ಹೆಣ್ಣು ಅಧಿಕಾರಿ, ಜತೆಗೊಬ್ಬ ಸಹಾಯಕ. ಅಧಿಕಾರಿ ಅವಳನ್ನು ಮೇಡಂ ಎಂದು ಕರೆದರು. ಹುಟ್ಟಿದಂದಿನಿಂದ ಅವಳನ್ನು ಯಾರೂ ಹಾಗೆ ಕರೆದಿರಲಿಲ್ಲ. ಶಿವಕುಮಾರ ಗೋಡೆಗೆ ಒರಗಿ, ತಾನು ಇಲ್ಲಿಯ ಮ್ಯಾನೇಜರ್ ಎಂದು ಹೇಳಿಕೊಂಡು ಕೈಕಟ್ಟಿ ನಿಂತಿದ್ದ. ಈ ಅಂಗಡಿಯ ಮಾಲಕರು ನೀವೇನಾ ಎಂದು ಅಧಿಕಾರಿ ಕೇಳಿದರು.

ಮೊಣಕಾಲಿಗೆ ಸೀರೆಯ ಚೂರು ಬಿಗಿದುಕೊಂಡ ಅವ್ವ ಆಮ್ರಪಾಲಿಯ ಕಣ್ಣಿಗೆ ಕಟ್ಟಿದಳು.

"ಅಲ್ಲರಿ. ಅಂಗಡಿ ಇವರದ್ರಿ. ನಾ ಇಲ್ಲಿ ದುಡಿಯಾಕ ಬರಾಕಿ."

ಅಧಿಕಾರಿ ಫೈಲಿನಿಂದ ಕಾಗದ ತೆಗೆದು ಅವಳ ಮುಂದಿಟ್ಟರು. ಈ ಸಹಿ ಯಾರದು ಎಂದು ಕೇಳಿದರು. ತನ್ನದೇ ಎಂದಳು. ಫೋಟೋ? ಅದೂ ತನ್ನದೇ. ಬ್ಯಾಂಕಿನ ಖಾತೆ? ಹೆಸರು ತನ್ನದು, ಪಾಸ್‌ಬುಕ್ ತಾನು ನೋಡಿಲ್ಲ ಎಂದಳು. ಅಧಿಕಾರಿ ಶಿವಕುಮಾರನನ್ನು ನೋಡಿದರು. ಅವನು ನಕ್ಕು, ಮೇಡಮ್ಮಿಗೆ ಸ್ವಲ್ಪ ಹೆದರಿಕೆ, ತೆರಿಗೆ ಅಂದರೆ ಯಾರಿಗಿಲ್ಲ ಹೇಳಿ ಅಂದ. ಸಹಾಯಕನೂ ನಕ್ಕ. ಅಧಿಕಾರಿ ನಗಲಿಲ್ಲ. ನಿಮ್ಮ ಮಾತು ಖರೆಯೇ ಇರಬಹುದು, ಆದರೆ ನನ್ನ ಎದುರಿಗಿರುವ ಕಾಗದದಲ್ಲಿ ಇವರ ಹೆಸರು ಎಲ್ಲಿಯೂ ಇಲ್ಲ ಎಂದು ಮೆತ್ತಗೆ ಹೇಳಿದರು. ಕಟ್ಟದೆ ಉಳಿದ ತೆರಿಗೆ, ಮೇಲೆ ದಂಡ, ಎರಡಕ್ಕೂ ನೋಟಿಸು ಅವಳ ಹೆಸರಿಗೇ ಬರುತ್ತದೆ, ತಕರಾರಿದ್ದರೆ ವಕೀಲರನ್ನು ಹಿಡಿಯಬೇಕು. ಇಷ್ಟು ಹೇಳಿ ಅವಳಿಂದ ಇನ್ನೊಂದು ಸಹಿ ಮಾಡಿಸಿಕೊಂಡು ಹೋದರು.

ಅಧಿಕಾರಿಯ ಜೀಪು ಹೋದ ಸದ್ದು ಪೂರ್ತಿ ಅಡಗುವವರೆಗೆ ಶಿವಕುಮಾರ ಕಾದ.

"ಬೋಸುಡಿ, ನನ್ನ ಹೆಸರ ಹೇಳ್ತಿಯೇನಲೇ? ಕಾಲ ತೊಳ್ಯಾಕಿ ನೀ. ಏಳ ಮ್ಯಾಲ."

ಆಮ್ರಪಾಲಿ ಏಳಲಿಲ್ಲ. ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದು ಹಿಂದಕ್ಕೆ ಒರಗಿದಳು. ದಾನೇಶ್ವರಿ, ಅದರ ಮೇಲೆ ನಾನಿನ್ನು ಹೇಗೆ ಕೂಡ್ರಲಿ, ಮೆತ್ತೆ ತೊಳೆಸಬೇಕು ಅಂದಳು. ಶಿವಕುಮಾರ ಅವಳ ತೋಳಿಗೆ ಕೈಹಾಕಿ ಜಗ್ಗಿದ. ಕುರ್ಚಿ ಸಮೇತ ಒಂದು ಗೇಣು ಸರಿದಳು, ಕೈ ಬಿಡಲಿಲ್ಲ. ಕೆನ್ನೆಗೆ ಹೊಡೆದ. ಲಿಪ್‌ಸ್ಟಿಕ್ ಗದ್ದದವರೆಗೆ ಹರಡಿತು.

"ಸರಕಾರದವರು ನಂದಂತ ಬರಕೊಂಡ ಹೋದ್ರಲ್ಲರಿ," ಅಂದಳು ಆಮ್ರಪಾಲಿ. "ನಾ ಎದಕ್ಕ ಏಳಲಿ?"

ಬೀದಿಯ ಮಂದಿ ಬಾಗಿಲ ಕಡೆ ನೋಡಲು ಶುರುಮಾಡಿದ್ದರು. ಶಿವಕುಮಾರ ಅವರ ಮುಂದೆ ಇನ್ನೊಮ್ಮೆ ಕೈಯೆತ್ತಲಿಲ್ಲ. ಹೆಂಡತಿಯನ್ನು ಹೊರಗೆ ಕಳಿಸಿದ. ದೀಪ, ಫ್ಯಾನು ಆರಿಸಿದ. ಆಮ್ರಪಾಲಿಯ ಫೋನನ್ನು ಗಲ್ಲಾದ ಮೇಲಿಂದ ಎತ್ತಿಕೊಂಡ. ಕುಂದ್ರ ಹಂಗಾದ್ರ ಅಂದವನೇ ಶಟರನ್ನು ದಡದಡ ಎಳೆದು, ಹೊರಗಿನಿಂದ ಕೀಲಿ ಹಾಕಿದ.

ಒಳಗೆ ವ್ಯಾಕ್ಸ್ ವಾಸನೆ, ಸೆಕೆ. ಕನ್ನಡಿಗಳಲ್ಲಿ ಏನೂ ಕಾಣುತ್ತಿರಲಿಲ್ಲ. ಶಟರಿನ ಕೆಳಗೆ ಒಂದು ಬೆರಳಿನಷ್ಟು ಬೆಳಕು ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅಲ್ಲಿ ಹೆಣ್ಣುಮಗಳೊಬ್ಬಳ ಚಪ್ಪಲಿ ಬಂದು ನಿಂತವು. ನಾಳೆ ನಿಶ್ಚಯ ಐತಿ, ಅಂಗಡಿ ಯಾಕ ಬಂದ್ ಮಾಡೀರಿ ಎಂದು ಅವಳು ಕೇಳಿದಳು.

"ಇವತ್ತ ಮಾಲಕರು ಇಲ್ಲರಿ," ಅಂದ ಶಿವಕುಮಾರ.