ಜ್ವರ ಇಳಿಯುವ ತನಕ

೧೯೯೯ರ ಬೇಸಿಗೆಯಲ್ಲಿ ಧಾರವಾಡದ ಮದುವೆಯೊಂದಕ್ಕೆ ಹೋಗಿ ಬಂದ ಜಗದೇವಪ್ಪನವರು ಇಂಗ್ಲೆಂಡಿನ ಇಲ್ಫರ್ಡಿನ ಮನೆಯಲ್ಲಿ ಹಾಸಿಗೆ ಹಿಡಿದರು. ಟೈಫಾಯ್ಡ್ ಎಂದು ಗೊತ್ತಾಗುವಷ್ಟರಲ್ಲಿ ಆಸ್ಪತ್ರೆಯ ಒಂಟಿ ಕೋಣೆ ಸೇರಿಯಾಗಿತ್ತು. ಇಂಜೆಕ್ಷನ್ ಶುರುವಾಗಿ ದಿನಗಳು ಕಳೆದರೂ ಮೈ ಕಾವಲಿಯಂತೆ ಸುಡುತ್ತಲೇ ಇತ್ತು.

ಮಗಳು ಸೌಂದರ್ಯಾ ಬೇರೊಂದು ಆಸ್ಪತ್ರೆಯಲ್ಲಿ ಡಾಕ್ಟರು. ರಜೆ ಹಾಕಿ ಅಪ್ಪನ ಪಕ್ಕ ಕೂತಿದ್ದಳು. ಬೆನ್ನು ಸೋತಿತ್ತು. ಮನೆಯವರ ಪ್ರಶ್ನೆಗಳಿಗೆ ಉತ್ತರಿಸಿ ನಾಲಿಗೆಯೂ ದಣಿದಿತ್ತು.

"ಹೆಸರಿಗಷ್ಟ ಡಾಕ್ಟರ್ ಆದಿ ಏನು? ಬ್ಯಾರೆ ಔಷಧ ಕೊಡಸು," ಎಂದ ಅಣ್ಣ ಪ್ರಸಾದ. "ಸುಮ್ಮ ಕುಂತು ಅಪ್ಪನ್ನ ಕಳಕೊಳ್ಳೋದೇನು?"

"ಈ ಜ್ವರ ಔಷಧ ಕೊಟ್ಟ ಕೂಡ್ಲೆ ಇಳಿಯೂದಿಲ್ಲಣ್ಣಾ. ಇದ ಔಷಧ ಹತ್ತತೈತಿ ಅಂತ ಟೆಸ್ಟ್‌ನಾಗ ಬಂದೈತಿ."

ಪ್ರಸಾದ ಬಾಗಿಲು ತಳ್ಳಿಕೊಂಡು ಹೊರಗೆ ಹೋದ. ತಾಯಿ ಚಂದ್ರವ್ವ ಗಂಡನ ಕಾಲ ಬಳಿ ಕೂತು ಹೊದಿಕೆ ಸರಿಪಡಿಸಿದಳು.

ಬಿಡುವು ಸಿಕ್ಕಾಗಲೆಲ್ಲ ಸೌಂದರ್ಯಾ ಹತ್ತೊಂಬತ್ತನೆಯ ಶತಮಾನದ ಅಮೆರಿಕನ್ ವೈದ್ಯನೊಬ್ಬ ಇದೇ ಜ್ವರದ ಬಗ್ಗೆ ಬರೆದದ್ದರ ಮೇಲೆ ಪ್ರಬಂಧ ಸಿದ್ಧಮಾಡುತ್ತಿದ್ದಳು. ಜ್ವರ ಬಂದವರ ರಕ್ತ ಹರಿಸಿ, ಭೇದಿ ಮಾಡಿಸಿ ನಿತ್ರಾಣಗೊಳಿಸುತ್ತಿದ್ದ ಕಾಲ ಅದು. ಈ ಜ್ವರಕ್ಕೆ ತನ್ನದೇ ಅವಧಿಯಿದೆ, ಹಗುರವಾಗಿ ಬಂದವರಿಗೆ ನೀರು, ಗಾಳಿ, ವಿಶ್ರಾಂತಿ ಸಾಕು ಎಂದು ಆತ ಬರೆದ. ಅದನ್ನು ಓದಿ ಎಷ್ಟೋ ವೈದ್ಯರು ರಕ್ತ ಹರಿಸುವುದನ್ನು ಬಿಟ್ಟರು. ಲೈಬ್ರರಿಯಲ್ಲಿ ಕೂತು ಓದುವಾಗ ಅದೆಷ್ಟು ಸಲೀಸಾಗಿ ಕಂಡಿತ್ತು! ಹಾಸಿಗೆಯಲ್ಲಿ ಅಪ್ಪನೇ ಬಡಬಡಿಸುತ್ತಿರುವಾಗ ಕಾಯುತ್ತ ಕೂರುವುದು ಎಂಥ ಕೆಲಸವೆಂದು ಅವಳು ಬರೆದೇ ಇರಲಿಲ್ಲ.

ಸಂಜೆ ತಡೆಯಲಾಗದೆ ಎದ್ದು ವಾರ್ಡಿನ ಡಾಕ್ಟರ ಬಳಿ ನಡೆದಳು. ಇನ್ನೊಂದು ಔಷಧ ಸೇರಿಸಿ ಅನ್ನಬೇಕೆಂದೇ ಹೊರಟಿದ್ದಳು. ಆತ ತಲೆಯೆತ್ತುವಷ್ಟರಲ್ಲಿ ಟೆಸ್ಟಿನ ಫಲಿತಾಂಶ ನೆನಪಾಗಿ ಆ ಮಾತು ಬಿಟ್ಟಳು. ಈ ಜ್ವರದಲ್ಲಿ ಕರುಳು ತೂತಾಗುವುದುಂಟು; ಅಪ್ಪನ ಹೊಟ್ಟೆಯನ್ನು ಇನ್ನೊಮ್ಮೆ ನೋಡಿ ಎಂದಷ್ಟೇ ಕೇಳಿದಳು. ಆತ ಬಂದು ಒತ್ತಿ ನೋಡಿ, ಮೆತ್ತಗಿದೆ, ಕಾಯೋಣ ಎಂದ.

ಅವಳು ಕಿಟಕಿ ತೆರೆದಳು. ಚಮಚದಿಂದ ನೀರು ಹಾಕಿದಳು, ಒದ್ದೆ ಬಟ್ಟೆ ಹಿಂಡಿ ಹಣೆಗಿಟ್ಟಳು, ಅದು ಬಿಸಿಯಾದಾಗ ಮತ್ತೆ ಹಿಂಡಿದಳು.

ಮರುದಿನ ಮಧ್ಯಾಹ್ನ ಅಂಗಿ ತೊಯ್ಯುವಂತೆ ಬೆವರು ಬಂತು. ಜಗದೇವಪ್ಪನವರು ಕಣ್ಣು ಬಿಟ್ಟು ಮಗಳನ್ನು ದಿಟ್ಟಿಸಿದರು.

"ಯಾಕವಾ, ನಿನಗೂ ಆರಾಮ ಇಲ್ಲೇನು?"

ಚಂದ್ರವ್ವ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಪ್ರಸಾದ ಮಷಿನ್ನಿನ ಚಹಾ ತಂದು ತಂಗಿಯ ಕೈಗಿಟ್ಟ. ಅವಳು ಎರಡು ಗುಟುಕು ಕುಡಿದು, ಗೋಡೆಗೆ ತಲೆಯಾನಿಸಿ ಕೂತಲ್ಲೇ ನಿದ್ದೆ ಹೋದಳು.