ಗ್ಯಾಲರಿಯಲ್ಲಿ ಕೂತಿದ್ದ ಅಪ್ಪ

ಕೀರ್ ಅನ್ನುತ್ತಿದೆ ಎಡಗಡೆಯ ಚಕ್ರ, ಸ್ವರಕ್ಕಿಂತ ಕೂದಲೆಳೆಯಷ್ಟು ಕೆಳಗೆ, ಇದಕ್ಕೆ ಎಣ್ಣೆ ಬಿಡುವವರು ಯಾರೂ ಇಲ್ಲವೇನೋ, ಮಂಚ ತಳ್ಳುತ್ತಿರುವ ಹೆಂಗಸು ಬಗ್ಗಿ ನೋಡುತ್ತಾಳೆ, ಚಳಿಯಾಗ್ತಿದೆಯಾ ಗಂದೋಲ್ಫಿಯವರೇ, ಇಲ್ಲ ಅಂತ ತಲೆಯಾಡಿಸುತ್ತೇನೆ, ಬಾಯಿಬಿಟ್ಟು ಹೇಳಬಹುದಿತ್ತು, ಗೊರಗೊರ ಅಂದರೂ ಮಾತು ಮಾತೇ, ಆ ಬಾಗಿಲು ದಾಟಿದ ಮೇಲೆ ಅದೂ ಇಲ್ಲ, ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕಾಗುತ್ತೆ ಅಂದಿದ್ದರು ಡಾಕ್ಟರು, ಗಡ್ಡೆ ಎರಡೂ ಕಡೆ ಹಬ್ಬಿದೆ, ಕೊರಳಲ್ಲಿ ಒಂದು ತೂತು ಇಡ್ತೀವಿ, ಅಲ್ಲಿಂದ ಉಸಿರಾಡ್ತೀರಿ, ಜೀವಕ್ಕೇನೂ ಭಯವಿಲ್ಲ — ಯಾವುದನ್ನು ಜೀವ ಅಂದರೋ, ವಿಯೆನ್ನಾದಲ್ಲಿ, ಬ್ಯೂನಸ್ ಐರಿಸ್‌ನಲ್ಲಿ, ಟೋಕಿಯೊದಲ್ಲಿ ನಾನು ಬದುಕಿದ್ದು ಆ ಪೆಟ್ಟಿಗೆಯೊಳಗಿನ ಎರಡು ಎಳೆಗಳ ಮೇಲೆ, ಅವು ಅದುರಿದರೆ ನಾನಿದ್ದೆ, ಇಲ್ಲದಿದ್ದರೆ ಹೋಟೆಲ್ಲಿನ ಕೋಣೆಯಲ್ಲಿ ಕೊರಳಿಗೆ ಮಫ್ಲರ್ ಸುತ್ತಿಕೊಂಡು ಯಾರ ಜೊತೆಗೂ ಮಾತಾಡದೆ ಬಿದ್ದಿರುತ್ತಿದ್ದವನು, ಹೆಂಡತಿ ಬಿಟ್ಟುಹೋದದ್ದೂ ಅದಕ್ಕೇ, ನಿನ್ನ ಗಂಟಲಿನ ಜೊತೆ ಸಂಸಾರ ಮಾಡಿ ಸಾಕಾಯ್ತು ಇವಾನೊ ಅಂದಳು, ತಪ್ಪೇನೂ ಹೇಳಲಿಲ್ಲ. ಒಪೆರಾದಲ್ಲಿ ಬ್ಯಾರಿಟೋನ್ ಅಂದರೆ ನಡುವಿನ ದನಿ, ಎತ್ತರಕ್ಕೆ ಹೋಗುವ ಟೆನರ್‌ಗೆ ಹುಡುಗಿ ಸಿಗುತ್ತಾಳೆ, ನಮಗೆ ಸಿಗುವುದು ಆ ಹುಡುಗಿಯ ಅಪ್ಪನ ಪಾತ್ರ, ಇಲ್ಲವೇ ಅವಳನ್ನು ಹಾಳುಮಾಡುವವನ ಪಾತ್ರ, ಮಕ್ಕಳಿಲ್ಲದ ನಾನು ಊರೂರಿನ ರಂಗದ ಮೇಲೆ ಎಷ್ಟು ಹೆಣ್ಣುಮಕ್ಕಳಿಗೆ ಅಪ್ಪನಾದೆ, ಎಷ್ಟು ಜನ ನನ್ನ ತೋಳಲ್ಲೇ ಸತ್ತು, ಪರದೆ ಬಿದ್ದ ಕೂಡಲೇ ಎದ್ದು ಸೀರೆ — ಥೂ, ಸೀರೆಯಲ್ಲ, ಒಮ್ಮೆ ನನ್ನ ಮಗಳಾಗಿ ಹಾಡಿದ ಬೆಂಗಳೂರಿನ ಹುಡುಗಿ ಒಬ್ಬಳೇ ತಾಲೀಮಿಗೆ ಸೀರೆಯುಟ್ಟು ಬರುತ್ತಿದ್ದಳು — ಲಂಗ ಕೊಡವಿಕೊಂಡು ಊಟಕ್ಕೆ ಹೊರಟರು.

ರಂಗದ ಮೇಲೆ ಮೊದಲ ಸಲ ಅಪ್ಪನಾದದ್ದು ಇದೇ ಪಾರ್ಮಾದಲ್ಲಿ, ನಾನು ಹುಟ್ಟಿದ ಊರಲ್ಲಿ, ಭಾನುವಾರ ಮಧ್ಯಾಹ್ನದ ಆಟ, ಕೆಳಗೆ ಅಮ್ಮ ಮತ್ತು ಓರ್ನೆಲ್ಲಾ ಅಕ್ಕ, ಅಪ್ಪ ಮಾತ್ರ ಕೆಳಗೆ ಕೂರಲು ಒಪ್ಪದೆ ಮೇಲೆ ಅಗ್ಗದ ಗ್ಯಾಲರಿಯಲ್ಲಿ, ಹಂದಿತೊಡೆ ಒಣಗಿಸುವ ಕಾರ್ಖಾನೆಯ ಗೆಳೆಯರ ಜೊತೆ, ನನ್ನ ಜಾಗ ಅದೇ, ಅಲ್ಲಿಂದಲೇ ಕೇಳೋದು ಅಂತ, ನಿಂಬೆಹಣ್ಣು ಹಚ್ಚಿ ಉಜ್ಜಿದರೂ ಕೊಬ್ಬಿನ ವಾಸನೆ ಬಿಡದ ಕೈ, ಊರಿಗೆಲ್ಲ ಹೇಳಿಕೊಂಡು ಬಂದಿದ್ದ, ಅಲ್ಚೀದೆ ಗಂದೋಲ್ಫಿಯ ಮಗ ಹಾಡ್ತಾನೆ ಅಂತ — ಮೂರನೇ ಅಂಕದಲ್ಲಿ ಮೇಲಿನ ಸ್ವರಕ್ಕೆ ಕೈಚಾಚಿದೆ, ದನಿ ಒಡೆಯಿತು, ಹಸಿ ಕಟ್ಟಿಗೆ ಸೀಳಿದ ಹಾಗೆ, ನಮ್ಮೂರಲ್ಲಿ ಶಿಳ್ಳೆ ಅಂದರೆ ಮೆಚ್ಚುಗೆಯಲ್ಲ, ಇಳಿದು ಹೋಗೋ ಅಂತ ಅರ್ಥ, ಪರದೆಯ ಮುಂದೆ ಬಂದು ಬಗ್ಗಿ ನಮಸ್ಕಾರ ಮಾಡುವಾಗ ಮೇಲಿನಿಂದ ಆಲಿಕಲ್ಲಿನ ಹಾಗೆ ಸುರಿಯಿತು ಶಿಳ್ಳೆ, ದೀಪ ಹತ್ತಿತು, ತಲೆಯೆತ್ತಿದೆ, ಕಂಬಿಗೆ ಒರಗಿ ಅಪ್ಪ, ಬಾಯಲ್ಲಿ ಎರಡು ಬೆರಳು. ಸಂಜೆ ಅಮ್ಮ ಅನೋಲಿನಿ ಕಡುಬಿನ ಸಾರು ಬಡಿಸುತ್ತಾ ಕೇಳಿದಳು, ನೀವೂ ಶಿಳ್ಳೆ ಹಾಕಿದ್ರಾ, ಅಪ್ಪ ಚಮಚ ಕೆಳಗಿಡಲಿಲ್ಲ, ಎಲ್ಲಾ ಹಾಕ್ತಿದ್ರು ಕಣೇ, ನಾನೊಬ್ಬ ಬಾಯಿ ಮುಚ್ಕೊಂಡು ಕೂತಿದ್ರೆ ಮಗ ಅಂತ ಬಿಟ್ಟ ಅಂದ್ಕೊಳ್ತಿರಲಿಲ್ವಾ, ನಾಳೆ ಅವರ ಮುಖ ಹೇಗೆ ನೋಡ್ಲಿ, ಇವನ ಮುಖ ಹೇಗೆ ನೋಡ್ತೀರಿ ಅಂದಳು ಅಮ್ಮ, ಅಪ್ಪ ನನ್ನ ಕಡೆ ತಿರುಗಿ, ಸಾರು ಆರಿಹೋಗುತ್ತೆ, ತಿನ್ನೋ ಅಂದ. ಬೆಳಗಿನ ರೈಲು ಹತ್ತಿದವನು ಈ ಊರಿನಲ್ಲಿ ಮತ್ತೆ ಹಾಡಲಿಲ್ಲ, ಕರೆದಾಗಲೆಲ್ಲ ಬಿಡುವಿಲ್ಲ ಅಂದೆ, ಅಮ್ಮನ ಹೆಣದ ಮುಂದೆ ಪಾದ್ರಿ ಕೇಳಿದಾಗಲೂ ಇಲ್ಲ ಅಂದೆ, ಅಪ್ಪನಿಗೆ ವಿಯೆನ್ನಾದ ಟಿಕೆಟ್ ಕಳಿಸಿದರೆ ಮಂಡಿನೋವಂತೆ ಕಣೋ ಅನ್ನುತ್ತಿದ್ದಳು ಅಕ್ಕ, ಆಮೇಲೆ ಅವನ ಕಿವಿ ಪೂರ್ತಿ ಹೋಯಿತು, ನನಗೆ ಜಗತ್ತಿನ ಚಪ್ಪಾಳೆಯೆಲ್ಲ ಸಿಕ್ಕ ವರ್ಷಗಳಲ್ಲಿ ಅವನು ಏನೂ ಕೇಳದವನಾದ.

ಮಂಚ ನಿಲ್ಲಿಸಿದಳು, ಬಾಗಿಲ ಹತ್ತಿರ, ಒಳಗಿಂದ ಕರೀತಾರೆ ಸ್ವಾಮಿ, ಎರಡು ನಿಮಿಷ — ನಿನ್ನೆ ಮಧ್ಯಾಹ್ನ ಅಕ್ಕ ಗಾಲಿಕುರ್ಚಿಯಲ್ಲಿ ಅಪ್ಪನನ್ನು ತಳ್ಳಿಕೊಂಡು ಬಂದಳು, ಬರ್ಲೇಬೇಕು ಅಂತ ಹಟ ಕಣೋ, ಇಸ್ತ್ರಿ ಮಾಡಿದ ಶರಟೇ ಬೇಕಂತೆ, ಅವನು ಸುತ್ತಲೂ ನೋಡಿದ, ಎಂಟು ಮಂಚದ ವಾರ್ಡು, ಕಿವುಡರ ಗಟ್ಟಿ ದನಿಯಲ್ಲಿ ಹಾಡೋ ಅಂದ, ಅಪ್ಪಾ ಇದು ಆಸ್ಪತ್ರೆ ಅಂತ ಅಕ್ಕ ಅವನ ತೋಳು ಜಗ್ಗಿದಳು, ನಾಳೆ ತೆಗೆದುಬಿಡ್ತಾರಂತಲ್ಲ, ಹಾಡೋ, ಹಾಡಿದ್ರೆ ನಿನಗೆ ಕೇಳುತ್ತಾ ಅಂದೆ, ಅದೂ ಕೇಳಲಿಲ್ಲ ಅವನಿಗೆ, ಮುಂದಕ್ಕೆ ಬಗ್ಗಿ ಅಂಗೈಯನ್ನು ನನ್ನ ಕೊರಳಿಗೆ ಒತ್ತಿದ, ಬರೀ ತುಟಿಯಾಡಿಸಿ ಮುಗಿಸೋಣ ಅಂದುಕೊಂಡಿದ್ದೆ, ಆ ಕೈ ಬಿಡಲಿಲ್ಲ, ಹೊಟ್ಟೆಯಿಂದ ಉಸಿರೆತ್ತಿದೆ, ಕಲಿತದ್ದೆಲ್ಲ ಒಟ್ಟುಮಾಡಿ, ಬಾಯಿ ಅಗಲಿಸಿ, ಬಂದದ್ದು ಬರೀ ಗಾಳಿ, ಪಕ್ಕದ ಮಂಚದವನು ಪತ್ರಿಕೆ ಇಳಿಸಿ ನೋಡಿದ, ಯಾರೋ ಕಿಸಕ್ಕಂದರು, ಅಕ್ಕ ಗೋಡೆಯ ಕಡೆ ತಿರುಗಿದಳು, ಕೊರಳಲ್ಲಿ ಏನೂ ಅದುರಲಿಲ್ಲ ಅಂತ ಅವನ ಅಂಗೈಗೆ ಗೊತ್ತಾಗಿತ್ತು, ಗೊತ್ತಾಗದೆ ಇರುತ್ತದೆಯೇ, ಕೈ ತೆಗೆದ, ವಾರ್ಡಿನವರನ್ನು ಒಬ್ಬೊಬ್ಬರನ್ನಾಗಿ ನೋಡಿದ, ಆಮೇಲೆ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟತೊಡಗಿದ, ಒಬ್ಬನೇ, ತನಗೇ ಕೇಳದ ಚಪ್ಪಾಳೆ, ಸಾಕಪ್ಪಾ ಅಂದಳು ಅಕ್ಕ, ನಿಲ್ಲಿಸಲಿಲ್ಲ — ಬಾಗಿಲು ತೆರೆಯಿತು, ಹಸಿರು ಬಟ್ಟೆ, ಬಿಳಿ ಬೆಳಕು, ನಿಮ್ಮ ಹೆಸರು ಹೇಳಿ, ಹೆಸರು, ಹೇಳಬೇಕು, ಇದೇ ಕೊನೆಯ ಮಾತು, ಬಾಯಿ ತೆರೆದಿದೆ, ಕಣ್ಣ ಮುಂದೆ ಆ ಎರಡು ಕೈ, ಉಬ್ಬಿದ ಗೆಣ್ಣು, ಕೂಡುತ್ತವೆ, ಬಿಡುತ್ತವೆ, ಹೆಸರು ಹೇಳಿ ಗಂದೋಲ್ಫಿಯವರೇ, ಕೂಡುತ್ತವೆ, ಎಂಟು ಮಂಚದ ನಡುವೆ ಒಬ್ಬನೇ, ಬಿಡುತ್ತವೆ, ಆ ಎರಡು ಕೈ, ಕೂಡುತ್ತವೆ, ಆ ಕೈ —