ಉಂಡೆ ನೆಲಕ್ಕಿಳಿದ ದಿನ

ಬೀದಿಯ ಕೊನೆಗೊಂದು ಹೊಲಿಗೆ ಅಂಗಡಿ. ಅಂಗಡಿಯಲ್ಲೊಂದು ಮಷೀನು, ಮಷೀನಿನ ಹಿಂದೆ ಟೈಲರಮ್ಮ, ಅವಳ ಕಾಲ ಬಳಿ ಚಿಂದಿ ಬಟ್ಟೆಯ ಬುಟ್ಟಿ. ಆ ಬುಟ್ಟಿಯೊಳಗೆ ಎರಡು ತಿಂಗಳ ನಾಯಿಮರಿ. ಮಲಗಿದರೆ ಥೇಟ್ ದಾರದ ಉಂಡೆ, ಹಾಗಾಗಿ ಹೆಸರೂ ಉಂಡೆ.

ಉಂಡೆ ಬಂದ ಮೇಲೆ ಟೈಲರಮ್ಮನ ಮಾವನಿಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ. ಭಾನುವಾರ ಸಂಜೆ ಮರಿಯನ್ನು ಬಯಲಿಗೆ ಕರೆತರುತ್ತೇನೆಂದು ಕಲ್ಲುಬೆಂಚಿನ ಗೆಳೆಯರಿಗೆಲ್ಲ ಡಂಗುರ ಸಾರಿದ್ದರು. ಟೈಲರಮ್ಮ ಮಿಕ್ಕ ಕೆಂಪು ಬಟ್ಟೆಯಲ್ಲಿ ಅದಕ್ಕೊಂದು ಅಂಗಿ, ಕೊರಳಿಗೊಂದು ಪಟ್ಟಿ ಹೊಲಿದಿದ್ದಳು. ಆದರೂ ಭಾನುವಾರ ಪಟ್ಟಿ ಕಟ್ಟುವಾಗ ಅವಳಿಗೆ ಹಿಂದಿನ ಮರಿ ನೆನಪಾಯಿತು. ಅದೂ ಹೀಗೇ ಕುಣಿಯುತ್ತಾ ಬಯಲಿಗೆ ಹೋಗಿ ಬಂದಿತ್ತು. ವಾರ ಕಳೆಯುವಷ್ಟರಲ್ಲಿ ವಾಂತಿ, ರಕ್ತಭೇದಿ. ಎರಡೇ ದಿನಕ್ಕೆ ಕಣ್ಮುಚ್ಚಿತ್ತು. ಏನೋ ತಿಂದಿರಬೇಕು ಎಂದಿದ್ದ ಮಾವ ತಿಂಗಳುಗಟ್ಟಲೆ ಬೆಂಚಿನ ಕಡೆ ತಲೆಹಾಕಿರಲಿಲ್ಲ.

ಅಷ್ಟರಲ್ಲಿ ಪಶು ಆಸ್ಪತ್ರೆಯ ನರ್ಸು ತನ್ನ ಬಿಳಿ ಕೋಟಿನ ಅಳತೆ ನೋಡಲು ಬಂದಳು. ನೆಂಟರ ಮನೆಗೆ ಹೊರಟವರಂತೆ ಸಿಂಗರಿಸಿಕೊಂಡ ಉಂಡೆಯನ್ನು ಕಂಡು, ಸವಾರಿ ಎಲ್ಲಿಗೆ ಎಂದು ಕೇಳಿದಳು.

"ಬಯಲಿಗೆ," ಎಂದರು ಮಾವ. "ಮೊನ್ನೆ ನೀನೇ ತಾನೆ ಸೂಜಿ ಚುಚ್ಚಿದ್ದು? ಇನ್ನೇನು ಭಯ?"

"ಒಂದೇ ಆಗಿರೋದು ತಾತ. ಇನ್ನೂ ಎರಡು ಬಾಕಿ ಇದೆ."

ತಮ್ಮ ಕಾಲದಲ್ಲಿ ನಾಯಿಗಳು ಬೀದಿಯಲ್ಲೇ ಹುಟ್ಟಿ ಬೀದಿಯಲ್ಲೇ ಬೆಳೆಯುತ್ತಿದ್ದವು, ಆಗ ಯಾವ ಸೂಜಿ ಇತ್ತು ಎಂದು ಮಾವ ಶುರುಹಚ್ಚಿಕೊಂಡರು.

"ಬದುಕಿ ಬೆಳೆದ ಮರಿಗಳನ್ನ ಮಾತ್ರ ಎಣಿಸ್ತಿದ್ದೀರಿ ತಾತ," ಎಂದಳು ನರ್ಸು ಮೆಲ್ಲಗೆ.

ಟೈಲರಮ್ಮ ಹಿಂದಿನ ಮರಿಯ ಕಥೆ ಹೇಳಿದಳು. ನರ್ಸಿನ ಮುಖ ಸಣ್ಣಗಾಯಿತು. ಅದು ಪಾರ್ವೋ ರೋಗವೇ ಇರಬೇಕು ಎಂದಳು. ಕಾಯಿಲೆಯ ನಾಯಿಯ ಮಲದಿಂದ ಮಣ್ಣು ಸೇರಿದ ವೈರಸ್ಸು ತಿಂಗಳುಗಟ್ಟಲೆ ಕಣ್ಣಿಗೆ ಬೀಳದೆ ಕೂತಿರುತ್ತದಂತೆ. ಮರಿ ಅಲ್ಲಿ ಮೂಸಿ ನೆಕ್ಕಿದರೆ ಸಾಕಂತೆ.

ನರ್ಸು ಮೇಜಿನ ಮೇಲಿದ್ದ ಕೋಟನ್ನು ಎತ್ತಿಕೊಂಡಳು. "ಅಕ್ಕ, ಇದನ್ನ ಈಗಲೇ ಹಾಕ್ಕೊಂಡು ಕೆಲಸಕ್ಕೆ ಹೋಗ್ಲಾ?"

"ಅಯ್ಯೋ, ಅದಿನ್ನೂ ಕಚ್ಚಾ ಹೊಲಿಗೆ ಕಣೆ. ಕೈ ಎತ್ತಿದ್ರೆ ತೋಳೇ ಕಿತ್ಕೊಂಡು ಬರುತ್ತೆ."

"ಮೊದಲ್ನೇ ಲಸಿಕೇನೂ ಅಷ್ಟೇ. ನಾಲ್ಕು ನಾಲ್ಕು ವಾರಕ್ಕೆ ಉಳಿದ ಎರಡೂ ಬೀಳ್ಲಿ. ಕೊನೇದು ಆಗಿ ಎರಡು ವಾರ ಕಳೀಲಿ. ಆಮೇಲೆ ಬಯಲೆಲ್ಲ ಇದರದ್ದೇ."

ಅಲ್ಲಿಯವರೆಗೆ ಕೂಡಿಹಾಕಬೇಕೆ ಎಂದು ಮಾವ ಸಪ್ಪಗೆ ಕೇಳಿದರು. ಹಾಗೂ ಮಾಡಬಾರದು ಎಂದಳು ನರ್ಸು. ಜನರನ್ನು, ಗಾಡಿಗಳ ಸದ್ದನ್ನು ಈಗಲೇ ಕಾಣದ ಮರಿ ಮುಂದೆ ಪುಕ್ಕಲಾಗುತ್ತದೆ. ಎತ್ತಿಕೊಂಡು ಎಲ್ಲಿ ಬೇಕಾದರೂ ತಿರುಗಾಡಿಸಿ, ನೆಲಕ್ಕೆ ಮಾತ್ರ ಬಿಡಬೇಡಿ.

ಟೈಲರಮ್ಮ ಕೊರಳಿನ ಟೇಪು ತೆಗೆದವಳೇ ಮಾವನ ಭುಜದಿಂದ ಸೊಂಟದವರೆಗೆ ಅಳತೆ ಹಿಡಿದಳು. ಗಂಟೆ ಕಳೆಯುವುದರೊಳಗೆ ಎದೆಗೆ ನೇತುಹಾಕುವ ಜೋಳಿಗೆ ತಯಾರಾಯಿತು. ಆ ಸಂಜೆ ಬೆಂಚಿನ ಸುತ್ತ ಜಾತ್ರೆಯೋ ಜಾತ್ರೆ. ಜೋಳಿಗೆಯಿಂದ ಎರಡು ಕಿವಿ, ಒಂದು ಮೂಗು. ಕೆಳಗೆ ಬಿಡಯ್ಯಾ, ಓಡಲಿ ಎಂದು ಯಾರೋ ಅಂದಾಗ ಮಾವ ಎದೆಯುಬ್ಬಿಸಿದರು.

"ಇನ್ನೂ ಕಚ್ಚಾ ಹೊಲಿಗೆ ಕಣಯ್ಯಾ. ಪಕ್ಕಾ ಆಗ್ಲಿ."

ಮೂರೂ ಲಸಿಕೆ ಬಿದ್ದು, ಮೇಲೆರಡು ವಾರವೂ ಕಳೆದು ಹೊಲಿಗೆ ಪಕ್ಕಾ ಆಯಿತು. ಅಷ್ಟರಲ್ಲಿ ಕೆಂಪು ಅಂಗಿ ಉಂಡೆಯ ತಲೆಯನ್ನೂ ದಾಟುತ್ತಿರಲಿಲ್ಲ. ಬರಿಮೈಯಲ್ಲೇ ಬಯಲಿಗಿಳಿದ ಉಂಡೆ ಮುಂದೆ, ಏದುಸಿರಿನ ಮಾವ ಹಿಂದೆ. ಟೈಲರಮ್ಮ ಅಂಗಡಿಯ ಬಾಗಿಲೆಳೆದುಕೊಂಡು ಬಂದು ನೋಡಿ ನೋಡಿ ನಕ್ಕಳು.

ನಿಮ್ಮ ಮನೆಯಲ್ಲೂ ಮರಿ ಇದೆಯೇ? ಮೊದಲ ಸೂಜಿಗೇ ಬೀದಿಗೆ ಬಿಡಬೇಡಿ. ಮುಂದಿನ ಲಸಿಕೆ ಯಾವಾಗ, ಹುಚ್ಚುನಾಯಿ ರೋಗದ ಲಸಿಕೆ ಯಾವಾಗ ಎಂದು ಹತ್ತಿರದ ಪಶು ವೈದ್ಯರನ್ನು ಇವತ್ತೇ ಕೇಳಿ. ಅಲ್ಲಿಯವರೆಗೆ ಅದಕ್ಕೆ ನಿಮ್ಮ ತೋಳೇ ಬಯಲು.